ಕೆಲಸ ಬಿಡುವಾಗ ಹೇಳಿ ಬಿಡೋಣ, ಬರೆದು ಬಿಡೋಣ

(ಸಂಘದ ಸಭೆಯಲ್ಲಿ ಓದಿ ಚರ್ಚಿಸಲು ಪಾಠ. ಓದು ಬಲ್ಲ ಸದಸ್ಯೆಯೊಬ್ಬರು ಗಟ್ಟಿಯಾಗಿ, ನಿಧಾನವಾಗಿ ಓದಬೇಕು. ಉಳಿದವರು ನಡುವೆ ಪ್ರಶ್ನೆ ಕೇಳಬಹುದು.)



ತೊಗರಿ ರಾಶಿ ಮುಗಿದು ಹೊಲದಾಗ ಕೆಲಸ ಇಲ್ಲದ ಕಾಲ ಬಂತೆಂದರೆ, ನೆಲೋಗಿ ಕ್ರಾಸಿನಲ್ಲಿ ಗಂಟುಮೂಟೆ ಕಟ್ಟಿಕೊಂಡು ಬಸ್ಸಿಗೆ ಕಾಯುವವರನ್ನು ನಾವೆಲ್ಲ ನೋಡಿದ್ದೇವೆ. ಕೆಲವರು ಕಟ್ಟಡದ ಕೆಲಸಕ್ಕೆಂದು ಬೆಂಗಳೂರು, ಪುಣೆ, ಮುಂಬಯಿ ಕಡೆ ಹೋಗುತ್ತಾರೆ. ಕೆಲವರು ಕಬ್ಬು ಕಡಿಯಲು, ಇಟ್ಟಂಗಿ ಭಟ್ಟಿಗೆ ಹೋಗುತ್ತಾರೆ. ಹತ್ತನೆಯತ್ತೆ, ಪಿಯುಸಿ ಓದಿದ ಹೆಣ್ಣುಮಕ್ಕಳು ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗೆ, ಆಸ್ಪತ್ರೆಗೆ, ಅಂಗಡಿಗೆ ಕೆಲಸಕ್ಕೆ ಹೋಗುತ್ತಾರೆ. ಹೋಗುವಾಗ ನಾವು ಎಲ್ಲ ಕೇಳುತ್ತೇವೆ. ಸಂಬಳ ಎಷ್ಟು? ಇರಲಿಕ್ಕೆ ರೂಮು ಉಂಟೋ? ಊಟ ಹೆಂಗ? ಆದರೆ ಒಂದು ಮಾತನ್ನು ಮಾತ್ರ ಯಾರೂ ಕೇಳುವುದಿಲ್ಲ: "ಬಿಟ್ಟು ಬರಬೇಕಾದರೆ ಹೆಂಗ?"

ಇಂದಿನ ಪಾಠ ಆ ಒಂದು ಪ್ರಶ್ನೆಯ ಮೇಲೆ.

ಒಂದು ಉದಾಹರಣೆ

ಇದು ಯಾರೊಬ್ಬರ ಕಥೆಯೂ ಅಲ್ಲ, ತಿಳಿದುಕೊಳ್ಳಲಿಕ್ಕೆ ಮಾಡಿಕೊಂಡ ಉದಾಹರಣೆ. ಆದರೆ ಕೇಳಿದ ಮೇಲೆ "ಇದು ನಮ್ಮ ಓಣ್ಯಾಗೂ ಆಗಿತ್ತಲ್ಲ" ಎಂದು ನಿಮಗೆ ಅನಿಸಬಹುದು.

ಸಂಘದ ಸದಸ್ಯೆಯೊಬ್ಬರ ಮಗಳು ಬೆಂಗಳೂರಿನ ಒಂದು ಬಟ್ಟೆ ಕಾರ್ಖಾನೆಯಲ್ಲಿ ಎರಡು ವರ್ಷದಿಂದ ಟೈಲರ್ ಆಗಿದ್ದಾಳೆ. ಒಂದು ದಿನ ಊರಿನಿಂದ ಫೋನ್ ಬರುತ್ತದೆ, ತಾಯಿಗೆ ಆರಾಮಿಲ್ಲ. ಮಗಳು ಯಾರಿಗೂ ಹೇಳದೆ ಅದೇ ರಾತ್ರಿ ಬಸ್ ಹತ್ತಿ ಬಂದುಬಿಡುತ್ತಾಳೆ. ಆ ತಿಂಗಳ 7 ದಿನ ಕೆಲಸ ಆಗಿರುತ್ತದೆ. ಹದಿನೈದು ದಿನದ ನಂತರ ಮೇಲ್ವಿಚಾರಕರಿಗೆ ಫೋನ್ ಮಾಡಿ, "ಸರ್, ನನ್ನ ಪಗಾರ ಬರಬೇಕಲ್ರಿ" ಎಂದು ಕೇಳುತ್ತಾಳೆ. "ನೋಟಿಸ್ ಕೊಡದೆ ಓಡಿ ಹೋಗೀಯಲ್ಲ, ನೀನೇ ಕಂಪನಿಗೆ ಒಂದು ತಿಂಗಳ ಪಗಾರ ಕೊಡಬೇಕು" ಎಂಬ ಉತ್ತರ ಬರುತ್ತದೆ. ಹುಡುಗಿ ಹೆದರಿ ಫೋನ್ ಇಡುತ್ತಾಳೆ. 7 ದಿನದ ಸಂಬಳವನ್ನೂ ಬಿಡುತ್ತಾಳೆ, ಪಿಎಫ್ ಹಣವನ್ನೂ ಕೇಳುವುದಿಲ್ಲ. "ನಂದೇ ತಪ್ಪು, ಹೋಗಲಿ ಬಿಡು" ಎನ್ನುತ್ತಾಳೆ.

ಇಲ್ಲಿ ತಪ್ಪು ಎಷ್ಟು, ಹಕ್ಕು ಎಷ್ಟು? ಎರಡನ್ನೂ ಬೇರೆ ಬೇರೆ ಮಾಡಿ ನೋಡೋಣ.

ನೋಟಿಸ್ ಎಂದರೇನು?

ನೋಟಿಸ್ ಎಂದರೆ ಕೋರ್ಟಿನಿಂದ ಬರುವ ಕಾಗದ ಎಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಇಲ್ಲಿ ಅದರ ಅರ್ಥ ಬೇರೆ. "ನಾನು ಇಂಥ ದಿನ ಕೆಲಸ ಬಿಡುತ್ತೇನೆ" ಎಂದು ಮೊದಲೇ ತಿಳಿಸುವುದೇ ನೋಟಿಸ್. ಹಾಗೆ ತಿಳಿಸಿದ ದಿನದಿಂದ ಬಿಡುವ ದಿನದವರೆಗಿನ ಕಾಲ ನೋಟಿಸ್ ಅವಧಿ. ಮಾಲೀಕರು ಇನ್ನೊಬ್ಬರನ್ನು ಹುಡುಕಿಕೊಳ್ಳಲಿ, ನಾವು ನಮ್ಮ ಲೆಕ್ಕ ಮುಗಿಸಿಕೊಳ್ಳಲಿ ಎಂದು ಈ ಕಾಲ ಇಟ್ಟಿದ್ದಾರೆ.

ಇದು ನಮಗೆ ಹೊಸದೇನಲ್ಲ. ನಮ್ಮ ಸಂಘದಿಂದ ಒಬ್ಬ ಸದಸ್ಯೆ ಹೊರಗೆ ಹೋಗಬೇಕಾದರೆ ಏನು ಮಾಡುತ್ತೇವೆ? ಅರ್ಜಿ ಬರೆದು ಕೊಡುತ್ತಾರೆ, ಸಭೆಯಲ್ಲಿ ಓದುತ್ತೇವೆ, ಸಾಲದ ಬಾಕಿ ಮತ್ತು ಉಳಿತಾಯ ಲೆಕ್ಕ ಹಾಕುತ್ತೇವೆ, ಠರಾವು ಬರೆದು ಸಹಿ ಮಾಡುತ್ತೇವೆ. ಹೇಳದೆ ಕೇಳದೆ ವಾರದ ಸಭೆಗೆ ಬರುವುದನ್ನೇ ಬಿಟ್ಟರೆ ಲೆಕ್ಕ ಸಿಕ್ಕಾಗುತ್ತದೆ, ಮನಸ್ಸೂ ಕೆಡುತ್ತದೆ. ಕೆಲಸ ಬಿಡುವುದೂ ಹಾಗೆಯೇ.

ಎಷ್ಟು ದಿನ ಮೊದಲೇ ಹೇಳಬೇಕು ಎನ್ನುವುದು ನೇಮಕಾತಿ ಪತ್ರದಲ್ಲಿ ಅಥವಾ ಕಾರ್ಖಾನೆಯ ಸ್ಥಾಯಿ ಆದೇಶದಲ್ಲಿ ಇರುತ್ತದೆ. ಸ್ಥಾಯಿ ಆದೇಶ ಎಂದರೆ ಕೆಲಸದ ನಿಯಮಗಳ ಪಟ್ಟಿ. 1946ರ ಕಾನೂನಿನ ಕೆಳಗೆ ಕೇಂದ್ರ ಸರಕಾರ ಮಾಡಿದ ಮಾದರಿ ನಿಯಮದಲ್ಲಿ, ತಿಂಗಳ ಸಂಬಳದ ಕಾಯಂ ಕೆಲಸಗಾರರಿಗೆ ಒಂದು ತಿಂಗಳು, ಉಳಿದ ಕಾಯಂ ಕೆಲಸಗಾರರಿಗೆ ಎರಡು ವಾರ ನೋಟಿಸ್ ಎಂದಿತ್ತು. ಅಷ್ಟು ದಿನ ಕೆಲಸ ಮಾಡಲಾಗದಿದ್ದರೆ ಅದರ ಬದಲು ಅಷ್ಟು ದಿನದ ಸಂಬಳ ಕೊಟ್ಟು ಬಿಡಬಹುದು ಎಂದೂ ಇತ್ತು. ತಾತ್ಕಾಲಿಕ ಕೆಲಸಗಾರರಿಗೆ, ಪರೀಕ್ಷಾ ಅವಧಿಯಲ್ಲಿ ಇರುವವರಿಗೆ ಆ ನೋಟಿಸಿನ ನಿಯಮ ಇರಲಿಲ್ಲ. ಹಲವು ಕಾರ್ಖಾನೆಗಳು ಇದೇ ರೀತಿಯನ್ನು ಅನುಸರಿಸುತ್ತ ಬಂದಿವೆ. 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಆದ್ದರಿಂದ ನೇಮಕಾತಿ ಪತ್ರ ಕೇಳಿ ಪಡೆಯುವುದು, ಅದರಲ್ಲಿ ನೋಟಿಸ್ ಎಷ್ಟು ದಿನ ಎಂದು ಓದಿಕೊಳ್ಳುವುದು ಈಗ ಮೊದಲ ಕೆಲಸ.

ನೆನಪಿಡಿ, ನೋಟಿಸ್ ಒಂದು ಕಡೆಯದಲ್ಲ. ಒಂದು ವರ್ಷ ಸತತ ದುಡಿದ ಕಾರ್ಖಾನೆ ಕೆಲಸಗಾರರನ್ನು ಕೆಲಸ ಇಲ್ಲವೆಂದು ತೆಗೆಯಬೇಕಾದರೆ ಮಾಲೀಕರೂ ಒಂದು ತಿಂಗಳ ನೋಟಿಸ್ ಅಥವಾ ಒಂದು ತಿಂಗಳ ಸಂಬಳ ಕೊಡಬೇಕು. ಅದರ ಜೊತೆಗೆ ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರ ಕೊಡಬೇಕು. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾನೂನಿನಲ್ಲಿಯೂ ಆರು ತಿಂಗಳು ಸತತ ದುಡಿದವರನ್ನು ಸರಿಯಾದ ಕಾರಣ ಮತ್ತು ಒಂದು ತಿಂಗಳ ನೋಟಿಸ್ ಇಲ್ಲದೆ ತೆಗೆಯುವಂತಿಲ್ಲ. "ನಾಳೆಯಿಂದ ಬರಬ್ಯಾಡ" ಎಂದು ಬಾಯಿಮಾತಿನಲ್ಲಿ ಹೇಳುವುದು ಅವರಿಗೂ ತಪ್ಪೇ.

ಯಕೋಬ ಹೇಳದೆ ಬಿಟ್ಟದ್ದು

ಪವಿತ್ರ ಗ್ರಂಥದ ಆದಿಕಾಂಡದಲ್ಲಿ ಯಕೋಬನ ಕಥೆ ಬರುತ್ತದೆ. ಅವನು ತನ್ನ ಮಾವ ಲಾಬಾನನ ಮನೆಯಲ್ಲಿ ಇಪ್ಪತ್ತು ವರ್ಷ ಕುರಿ ಕಾಯ್ದ. ಹೆಂಡಂದಿರಿಗಾಗಿ ಹದಿನಾಲ್ಕು ವರ್ಷ, ತನ್ನ ಹಿಂಡಿಗಾಗಿ ಆರು ವರ್ಷ. ಬಿಸಿಲು, ಚಳಿ, ನಿದ್ದೆಗೇಡು ಎಲ್ಲ ತಿಂದ. ಆದರೆ ಲಾಬಾನ ಕೂಲಿಯ ಮಾತನ್ನು ಮತ್ತೆ ಮತ್ತೆ ಬದಲಾಯಿಸಿದ. ಕೊನೆಗೆ ಯಕೋಬ ಹೇಳದೆ, ಲಾಬಾನ ಕುರಿ ಉಣ್ಣೆ ಕತ್ತರಿಸಲು ಹೋದಾಗ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೊರಟುಬಿಟ್ಟ. ಲಾಬಾನ ಏಳು ದಿನ ಬೆನ್ನಟ್ಟಿ ಹಿಡಿದ. ಇಬ್ಬರೂ ಜಗಳವಾಡಿದರು. ಕೊನೆಗೆ ಕಲ್ಲು ಕೂಡಿಸಿ ಗುಡ್ಡೆ ಮಾಡಿ, ಇದೇ ಸಾಕ್ಷಿ ಎಂದು ಒಪ್ಪಂದ ಮಾಡಿಕೊಂಡು, ಸಮಾಧಾನದಿಂದ ಬೇರೆಯಾದರು.

ಯಕೋಬನ ದುಡಿಮೆ ನ್ಯಾಯವಾದದ್ದೇ. ಲಾಬಾನನ ಮೋಸವೂ ನಿಜವೇ. ಆದರೆ ಹೇಳದೆ ಹೊರಟದ್ದರಿಂದ ನ್ಯಾಯ ಇದ್ದವನೇ ಓಡುವವನಂತೆ ಕಾಣುವ ಪರಿಸ್ಥಿತಿ ಬಂತು. ಕಲ್ಲಿನ ಗುಡ್ಡೆ ಎಂದರೆ ಆ ಕಾಲದ ಸಹಿ ಮಾಡಿದ ಕಾಗದ. ಅದು ಮೊದಲೇ ಆಗಿದ್ದರೆ ಏಳು ದಿನದ ಭಯ ಇರುತ್ತಿರಲಿಲ್ಲ.

ನಮ್ಮ ಕಲ್ಯಾಣದ ಶರಣರೂ ಕಾಯಕವನ್ನು ದೊಡ್ಡದೆಂದರು, ಆದರೆ ಅದನ್ನು ಗುಲಾಮಗಿರಿ ಎನ್ನಲಿಲ್ಲ. ಪೋಪ್ ಹದಿಮೂರನೆಯ ಲಿಯೋ 1891ರಲ್ಲಿ ಕಾರ್ಮಿಕರ ಬಗ್ಗೆ ಬರೆದ ವಿಶ್ವಪತ್ರದಲ್ಲಿಯೂ ಇದೇ ನ್ಯಾಯ ಇದೆ: ಕೆಲಸಗಾರ ಒಪ್ಪಿದ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಬೇಕು, ಮಾಲೀಕ ಅವನನ್ನು ಆಳಿನಂತೆ ಅಲ್ಲ, ಮನುಷ್ಯನಂತೆ ಕಾಣಬೇಕು, ನ್ಯಾಯವಾದ ಕೂಲಿ ಕೊಡಬೇಕು.

ಬಿಡದಂತೆ ತಡೆಯಬಹುದೇ?

ಇಲ್ಲ. ಈ ಮಾತು ಗಟ್ಟಿಯಾಗಿ ಮನಸ್ಸಿನಲ್ಲಿ ಇಡಿ. ಕೆಲಸ ಮಾಡಲು ಇಷ್ಟವಿಲ್ಲದವರನ್ನು ಬಲವಂತದಿಂದ ದುಡಿಸಲು ಮಾಲೀಕರಿಗೂ, ಏಜೆಂಟರಿಗೂ ಅಧಿಕಾರ ಇಲ್ಲ. "ಹೋಗಿ ಅವರ ಹತ್ತಿರವೇ ದುಡಿ" ಎಂದು ನ್ಯಾಯಾಲಯವೂ ಆದೇಶ ಮಾಡುವುದಿಲ್ಲ. ನಮ್ಮ ಸಂವಿಧಾನದ 23ನೆಯ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸಿದೆ. ನೋಟಿಸ್ ಕೊಡದೆ ಬಿಟ್ಟರೆ ಅದು ಹಣದ ಲೆಕ್ಕದ ವಿಷಯ, ಕಳ್ಳತನದ ವಿಷಯವಲ್ಲ. "ಪೊಲೀಸ್ ಕಂಪ್ಲೇಂಟ್ ಕೊಡತೀನಿ" ಎಂದು ಹೆದರಿಸಿದರೆ ಹೆದರಬೇಕಾಗಿಲ್ಲ. ಆದರೆ ಕಂಪನಿಯ ಮೊಬೈಲ್, ಬೀಗದ ಕೈ, ನಗದು, ಗುರುತಿನ ಚೀಟಿ ನಮ್ಮ ಹತ್ತಿರ ಉಳಿದಿದ್ದರೆ ಅದು ಬೇರೆ ಮಾತು. ಅವನ್ನು ಒಪ್ಪಿಸಿ, ಒಪ್ಪಿಸಿದ್ದಕ್ಕೆ ಸಹಿ ತೆಗೆದುಕೊಳ್ಳಬೇಕು.

ಹಣದ ಲೆಕ್ಕ ಹೇಗೆ?

ಲೆಕ್ಕ ಸುಲಭವಾಗಲೆಂದು ಸಂಬಳ ತಿಂಗಳಿಗೆ 12,000 ರೂಪಾಯಿ, ದಿನಕ್ಕೆ 400 ರೂಪಾಯಿ ಎಂದಿಟ್ಟುಕೊಳ್ಳೋಣ. ನೇಮಕಾತಿ ಪತ್ರದಲ್ಲಿ 30 ದಿನದ ನೋಟಿಸ್ ಇದೆ. ಕೊರತೆಯಾದ ದಿನದ ಸಂಬಳ ಕೊಡಬೇಕೆಂದೂ ಬರೆದಿದೆ.

ಮೊದಲನೆಯ ರೀತಿ: ಮಗಳು ಏನೂ ಬರೆದು ಕೊಡದೆ 7 ದಿನ ದುಡಿದು ಬಂದಳು. ಅವಳಿಗೆ ಬರಬೇಕಾದದ್ದು 2,800 ರೂಪಾಯಿ. ನೋಟಿಸ್ ಒಂದು ದಿನವೂ ಇಲ್ಲ. ಹೀಗಾಗಿ ಕಂಪನಿ 30 ದಿನದ್ದು, ಅಂದರೆ 12,000 ರೂಪಾಯಿ ಬಾಕಿ ಎಂದು ಹೇಳಲು ದಾರಿಯಾಯಿತು.

ಎರಡನೆಯ ರೀತಿ: 1ನೆಯ ತಾರೀಖಿಗೆ ಅರ್ಜಿ ಕೊಟ್ಟಳು. 22 ದಿನ ದುಡಿದಳು. ಮನೆಯಲ್ಲಿ ತೊಂದರೆ ಹೆಚ್ಚಾಗಿ ಇನ್ನು 8 ದಿನ ಬಾಕಿ ಇರುವಾಗಲೇ ಹೇಳಿ ಬಿಟ್ಟಳು. 22 ದಿನದ ಸಂಬಳ 8,800 ರೂಪಾಯಿ. ಕೊರತೆ 8 ದಿನದ್ದು 3,200 ರೂಪಾಯಿ. ಅವರು ಅದನ್ನು ಹಿಡಿದರೂ ಕೈಗೆ 5,600 ರೂಪಾಯಿ ಬರುತ್ತದೆ. ಒಳ್ಳೆಯ ಮಾತಿನಿಂದ ಕೇಳಿಕೊಂಡರೆ ಆ 8 ದಿನವನ್ನು ಬಿಟ್ಟುಕೊಡುವವರೂ ಇದ್ದಾರೆ. ಬಿಟ್ಟುಕೊಟ್ಟರೆ ಅದನ್ನೂ ಕಾಗದದ ಮೇಲೆ ಬರೆಸಿಕೊಳ್ಳಿ.

ಎರಡೂ ಸಲ ತಾಯಿಗೆ ಆರಾಮಿಲ್ಲದ್ದೇ ಕಾರಣ. ನಡುವಿನ ವ್ಯತ್ಯಾಸ ಒಂದು ಹಾಳೆ ಕಾಗದ ಮತ್ತು ಕೆಲವು ದಿನದ ತಾಳ್ಮೆ, ಅಷ್ಟೇ.

ಇನ್ನೂ ಕೆಲವು ವಿಷಯ ತಿಳಿದಿರಲಿ:

1. ಕೆಲಸಗಾರರು ರಾಜೀನಾಮೆ ಕೊಟ್ಟು ಬಿಟ್ಟರೂ ಅವರಿಗೆ ಬರಬೇಕಾದ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು ಎಂದು ಈಗಿನ ವೇತನ ಸಂಹಿತೆ ಹೇಳುತ್ತದೆ.

2. ಸಂಬಳದಲ್ಲಿ ಮನಸ್ಸಿಗೆ ಬಂದಂತೆ ಹಿಡಿಯುವಂತಿಲ್ಲ. ಕಾನೂನಿನಲ್ಲಿ ಹೇಳಿದ ಕಾರಣಗಳಿಗೆ ಮಾತ್ರ ಹಿಡಿಯಬಹುದು. ಎಲ್ಲ ಸೇರಿ ಹಿಡಿಯುವುದು ಆ ಸಂಬಳದ ಅರ್ಧಕ್ಕಿಂತ ಹೆಚ್ಚಾಗಬಾರದು.

3. ಹತ್ತು ಅಥವಾ ಹೆಚ್ಚು ಮಂದಿ ಮಾತಾಡಿಕೊಂಡು, ಸರಿಯಾದ ಕಾರಣ ಮತ್ತು ನೋಟಿಸ್ ಇಲ್ಲದೆ ಒಟ್ಟಿಗೆ ಕೆಲಸಕ್ಕೆ ಬರುವುದನ್ನು ಬಿಟ್ಟರೆ, ಒಪ್ಪಂದದಲ್ಲಿ ಹಾಗೆ ಬರೆದಿದ್ದಲ್ಲಿ, ನೋಟಿಸಿನ ಬದಲಿಗೆ ತಲಾ ಎಂಟು ದಿನದವರೆಗಿನ ಸಂಬಳ ಹಿಡಿಯಲು ಕಾನೂನು ಬಿಡುತ್ತದೆ. ಒಂದೇ ಊರಿನ ಹುಡುಗಿಯರು ಜಾತ್ರೆಗೋ ಯುಗಾದಿಗೋ ಒಟ್ಟಿಗೆ ಎದ್ದು ಬರುವಾಗ ಇದು ನೆನಪಿರಲಿ. ಮೊದಲೇ ರಜೆ ಅರ್ಜಿ ಕೊಡಿ.

4. ಕಾರ್ಖಾನೆಯಲ್ಲಿ ಸಾಮಾನ್ಯವಾಗಿ 20 ದಿನದ ಕೆಲಸಕ್ಕೆ 1 ದಿನ ಸಂಬಳದ ರಜೆ ಕೂಡುತ್ತದೆ. ಬಿಡುವಾಗ ಉಳಿದ ರಜೆಯ ಲೆಕ್ಕ ಕೇಳಿ.

5. ಐದು ವರ್ಷ ಸತತ ದುಡಿದಿದ್ದರೆ ಗ್ರಾಚ್ಯುಟಿ ಇದೆ, ವರ್ಷಕ್ಕೆ 15 ದಿನದ ಸಂಬಳದಂತೆ. ತಾನಾಗಿ ರಾಜೀನಾಮೆ ಕೊಟ್ಟರೂ ಅದು ಸಿಗುತ್ತದೆ. ನಾಲ್ಕೂವರೆ ವರ್ಷ ಆದವರು ಅವಸರ ಮಾಡುವ ಮೊದಲು ಒಮ್ಮೆ ಲೆಕ್ಕ ಹಾಕಿ ನೋಡ್ರಿ.

ಪಿಎಫ್ ನಮ್ಮ ಹಣ

ಪಿಎಫ್ ಎಂದರೆ ಭವಿಷ್ಯ ನಿಧಿ. ನಮ್ಮ ಸಂಬಳದಿಂದ ಹಿಡಿದ ಪಾಲು ಮತ್ತು ಮಾಲೀಕರು ಹಾಕಿದ ಪಾಲು ಸೇರಿ ನಮ್ಮ ಹೆಸರಿನಲ್ಲಿ ಇರುತ್ತದೆ. ನೋಟಿಸ್ ಕೊಡಲಿಲ್ಲ ಎಂಬ ಕಾರಣಕ್ಕೆ ಅದನ್ನು ಯಾರೂ ಮುಟ್ಟುವಂತಿಲ್ಲ.

ಈ ಹಣ ಹೆಣ್ಣುಮಕ್ಕಳಿಗೆ ಎಷ್ಟು ಮುಖ್ಯ ಎನ್ನುವುದನ್ನು 2016ರ ಏಪ್ರಿಲ್‌ನಲ್ಲಿ ಇಡೀ ದೇಶ ನೋಡಿತು. ಕೆಲಸ ಬಿಟ್ಟವರು ಮಾಲೀಕರ ಪಾಲಿನ ಹಣವನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಎಂದು ಆ ವರ್ಷದ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ನಿಯಮ ಮಾಡಿತ್ತು. ಮದುವೆ, ಹೆರಿಗೆ, ಮಕ್ಕಳ ಶಾಲೆ, ಮನೆಯವರ ಕಾಯಿಲೆ ಹೀಗೆ ಯಾವುದಾದರೂ ಕಾರಣಕ್ಕೆ ನಡುವೆಯೇ ಕೆಲಸ ಬಿಡಬೇಕಾಗುವ ಗಾರ್ಮೆಂಟ್ ಹೆಣ್ಣುಮಕ್ಕಳಿಗೆ ಇದು ಹೊಟ್ಟೆಯ ಮೇಲೆ ಹೊಡೆದಂತಾಯಿತು. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನಲ್ಲಿ ಸಾವಿರಾರು ಹೆಣ್ಣುಮಕ್ಕಳು ಮಿಷನ್ ಬಿಟ್ಟು ರಸ್ತೆಗೆ ಬಂದರು. ಹೊಸೂರು ರಸ್ತೆ, ಪೀಣ್ಯ ಕಡೆಯೆಲ್ಲ ಸಂಚಾರ ನಿಂತಿತು. ಎರಡನೆಯ ದಿನವೇ ಸರಕಾರ ಆ ನಿಯಮವನ್ನು ವಾಪಸ್ ತೆಗೆದುಕೊಂಡಿತು. ಆ ಎರಡು ದಿನ ಕಲ್ಲು ತೂರಾಟ, ಬಸ್ಸಿಗೆ ಬೆಂಕಿ, ಲಾಠಿ ಏಟು ಕೂಡ ಆದವು. ಆ ಗಲಾಟೆಯನ್ನು ನಾವು ಹೊಗಳುವುದಿಲ್ಲ. ಆದರೆ ದುಡಿದ ಹಣವನ್ನು ಬಿಟ್ಟುಕೊಡದೆ ಕೇಳಿದ ಹೆಣ್ಣುಮಕ್ಕಳ ಧೈರ್ಯವನ್ನು ನೆನೆಯಲೇಬೇಕು. ಅಷ್ಟು ಮಂದಿ ರಸ್ತೆಗಿಳಿದು ಉಳಿಸಿದ ಹಕ್ಕನ್ನು ನಮ್ಮ ಮಗಳು ಒಂದು ಫೋನಿನ ಗದರಿಕೆಗೆ ಬಿಟ್ಟುಕೊಡಬೇಕೆ?

ಆದ್ದರಿಂದ ಕೆಲಸಕ್ಕೆ ಸೇರಿದಾಗಲೇ 12 ಅಂಕಿಯ ಯುಎಎನ್ ಸಂಖ್ಯೆಯನ್ನು ಮನೆಯ ವಹಿಯಲ್ಲಿ ಬರೆದಿಡಿ. ಆಧಾರ್, ಬ್ಯಾಂಕ್ ಖಾತೆ ಮತ್ತು ಮೊಬೈಲ್ ನಂಬರ್ ಅದಕ್ಕೆ ಜೋಡಣೆ ಆಗಿರಲಿ. ಬಿಡುವಾಗ "ಕೆಲಸ ಬಿಟ್ಟ ದಿನಾಂಕ"ವನ್ನು ಪಿಎಫ್ ಲೆಕ್ಕದಲ್ಲಿ ಹಾಕಲು ಕಂಪನಿಗೆ ಹೇಳಿ. ಅವರು ಹಾಕದಿದ್ದರೆ, ಕೊನೆಯ ವಂತಿಗೆ ಬಂದು ಎರಡು ತಿಂಗಳಾದ ಮೇಲೆ ಕೆಲಸಗಾರರೇ ಅದನ್ನು ಆನ್‌ಲೈನ್‌ನಲ್ಲಿ ಹಾಕಬಹುದು. ಊರಿನ ಓದಿದ ಹುಡುಗರಿಂದ ಮಾಡಿಸಬಹುದು, ಆದರೆ ಓಟಿಪಿ ಸಂಖ್ಯೆಯನ್ನು ಗುರುತಿಲ್ಲದವರಿಗೆ ಹೇಳಬಾರದು.

ಬಾಂಡ್ ಬರೆದು ಕೊಟ್ಟಿದ್ದರೆ?

ಕೆಲವು ಕಡೆ ಕೆಲಸಕ್ಕೆ ಸೇರುವಾಗಲೇ "ಇಷ್ಟು ವರ್ಷ ಬಿಡುವುದಿಲ್ಲ, ಬಿಟ್ಟರೆ ಇಷ್ಟು ಹಣ ಕೊಡುತ್ತೇನೆ" ಎಂದು ಛಾಪಾ ಕಾಗದದ ಮೇಲೆ ಬರೆಸಿಕೊಳ್ಳುತ್ತಾರೆ. "ಬಾಂಡ್‌ಗೆ ಬೆಲೆ ಇಲ್ಲ ಬಿಡ್ರಿ" ಎಂದು ಕೆಲವರು ಹೇಳುತ್ತಾರೆ. ಆ ಮಾತನ್ನು ಹಾಗೆಯೇ ನಂಬಬಾರದು.

ನಮ್ಮ ರಾಜ್ಯದ್ದೇ ಒಂದು ಪ್ರಕರಣ ಕೇಳಿ. ವಿಜಯಾ ಬ್ಯಾಂಕಿನ ಒಬ್ಬ ಅಧಿಕಾರಿ, ಮೂರು ವರ್ಷದೊಳಗೆ ಬಿಟ್ಟರೆ ಎರಡು ಲಕ್ಷ ರೂಪಾಯಿ ಕೊಡುವುದಾಗಿ ಬರೆದುಕೊಟ್ಟಿದ್ದರು. 2009ರಲ್ಲಿ ಬೇರೆ ಬ್ಯಾಂಕಿಗೆ ಹೋಗಲು ರಾಜೀನಾಮೆ ಕೊಟ್ಟರು. ಆಕ್ಷೇಪಣೆಯೊಂದಿಗೆ ಹಣ ಕಟ್ಟಿ, ನಂತರ ನ್ಯಾಯಾಲಯಕ್ಕೆ ಹೋದರು. ಕರ್ನಾಟಕ ಹೈಕೋರ್ಟ್‌ನಲ್ಲಿ ಅವರು ಗೆದ್ದರು. ಆದರೆ 2025ರ ಮೇ 14ರಂದು ಸುಪ್ರೀಂ ಕೋರ್ಟ್ ಆ ಷರತ್ತು ಸರಿ ಎಂದು ತೀರ್ಪು ಕೊಟ್ಟಿತು. ಸರಕಾರಿ ಬ್ಯಾಂಕು ಮತ್ತೆ ಜಾಹೀರಾತು ಕೊಟ್ಟು, ಪರೀಕ್ಷೆ ಮಾಡಿ ಆರಿಸಬೇಕು, ಅದಕ್ಕೆ ಖರ್ಚಾಗುತ್ತದೆ. ದೊಡ್ಡ ಹುದ್ದೆಯ ಅಧಿಕಾರಿಗೆ ಆ ಮೊತ್ತ ಅತಿ ಹೆಚ್ಚೂ ಅಲ್ಲ ಎಂದು ನ್ಯಾಯಾಲಯ ಕಾರಣ ಕೊಟ್ಟಿತು.

ಇದರಿಂದ ಎರಡು ಪಾಠ. ಒಂದು, ಸಹಿ ಮಾಡಿದ ಕಾಗದಕ್ಕೆ ಬೆಲೆ ಇದೆ, ಓದದೆ ಸಹಿ ಮಾಡಬಾರದು. ಎರಡು, ಅಲ್ಲಿಯೂ ಪ್ರಶ್ನೆ ಇದ್ದದ್ದು ಹಣದ್ದೇ. ಆ ಅಧಿಕಾರಿ ಕೆಲಸ ಬಿಡುವುದನ್ನು ಯಾರೂ ತಡೆಯಲಿಲ್ಲ. ಕೈತುಂಬ ಸಂಬಳದ ಬ್ಯಾಂಕ್ ಅಧಿಕಾರಿಗೆ ಸರಿ ಎನಿಸಿದ ಮೊತ್ತವೇ ಹತ್ತು ಹನ್ನೆರಡು ಸಾವಿರ ಸಂಬಳದ ಹುಡುಗಿಗೂ ಸರಿ ಆಗಬೇಕೆಂದೇನೂ ಇಲ್ಲ. ಒಪ್ಪಂದದಲ್ಲಿ ಎಷ್ಟೇ ಬರೆದಿರಲಿ, ನ್ಯಾಯಾಲಯ ಕೊಡಿಸುವುದು ಸಮಂಜಸವಾದ ಪರಿಹಾರ ಮಾತ್ರ. ಹೀಗೆ ಹಣ ಕೇಳಿದರೆ ಹೆದರಿ ಕಟ್ಟುವ ಮೊದಲು ವಕೀಲರ ಸಲಹೆ ಪಡೆಯಿರಿ.

ಮಾರ್ಕ್ಸ್ ಕಾರ್ಡ್, ನರ್ಸಿಂಗ್ ಸರ್ಟಿಫಿಕೇಟ್, ಆಧಾರ್ ಇವುಗಳ ಅಸಲು ಪ್ರತಿಯನ್ನು ಯಾರಿಗೂ ಕೊಟ್ಟಿಡಬೇಡಿ. ತೋರಿಸಿ, ನಕಲು ಕೊಟ್ಟು, ಅಸಲು ವಾಪಸ್ ತೆಗೆದುಕೊಳ್ಳಿ. ಖಾಲಿ ಕಾಗದ, ಖಾಲಿ ಚೆಕ್ ಮೇಲೆ ಸಹಿ ಮಾಡಲೇಬೇಡಿ.

ಮುಂಗಡ ತೆಗೆದುಕೊಂಡವರ ಮಾತು ಬೇರೆ

ಕಬ್ಬಿನ ಗ್ಯಾಂಗಿಗೆ, ಇಟ್ಟಂಗಿ ಭಟ್ಟಿಗೆ, ಯುಗಾದಿಯಿಂದ ಯುಗಾದಿಗೆ ವರ್ಷದ ಆಳಾಗಿ ಹೋಗುವವರಿಗೆ ನೇಮಕಾತಿ ಪತ್ರ ಇಲ್ಲ, ನೋಟಿಸ್ ಇಲ್ಲ. ಅಲ್ಲಿ ಕಟ್ಟಿ ಹಾಕುವುದು ಮುಂಗಡ. "ಮುಂಗಡ ತೀರೋತನಕ ಹೋಗಂಗಿಲ್ಲ" ಎನ್ನುತ್ತಾರೆ. ತೆಗೆದುಕೊಂಡ ಹಣದ ಲೆಕ್ಕ ತೀರಿಸುವುದು ನ್ಯಾಯ. ಆದರೆ ಆ ಸಾಲಕ್ಕಾಗಿ ಮನುಷ್ಯರನ್ನು ಹಿಡಿದಿಡುವುದು, ಬೇರೆ ಕೆಲಸಕ್ಕೆ ಹೋಗಲು ಬಿಡದಿರುವುದು, ಕೂಲಿ ಕೊಡದೆ ಅಥವಾ ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಜೀತ. 1976ರ ಜೀತ ಪದ್ಧತಿ ನಿರ್ಮೂಲನ ಕಾನೂನಿನ ಪ್ರಕಾರ ಜೀತದ ಸಾಲ ರದ್ದಾಗುತ್ತದೆ, ಅದನ್ನು ತೀರಿಸಬೇಕಾಗಿಲ್ಲ. ಜೀತಕ್ಕೆ ಇಟ್ಟುಕೊಂಡವರಿಗೆ ಮೂರು ವರ್ಷದವರೆಗೆ ಜೈಲು ಶಿಕ್ಷೆ ಇದೆ. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ ಹೇಳಿದೆ. ಇಂಥ ಸಂಗತಿ ಕಂಡರೆ ತಹಶೀಲ್ದಾರರಿಗೆ, ಸಹಾಯಕ ಆಯುಕ್ತರಿಗೆ ಅಥವಾ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು. ಜೀತದಿಂದ ಬಿಡಿಸಿದವರಿಗೆ ಬಿಡುಗಡೆ ಪತ್ರ ಮತ್ತು ಪುನರ್ವಸತಿ ಸಹಾಯ ಸಿಗುತ್ತದೆ.

ಯಾವಾಗ ಕಾಯಬಾರದು?

ಮೇಲೆ ಹೇಳಿದ ತಾಳ್ಮೆಯ ಮಾತು ಎಲ್ಲ ಸಂದರ್ಭಕ್ಕೂ ಅಲ್ಲ. ಮೈ ಮುಟ್ಟುವುದು, ಕೆಟ್ಟ ಮಾತು, ಹೊಡೆತ, ರೂಮಿನಲ್ಲಿ ಕೂಡಿ ಹಾಕುವುದು, ಜೀವಕ್ಕೆ ಅಪಾಯ ಇದ್ದರೆ ನೋಟಿಸಿನ ದಿನ ಎಣಿಸುತ್ತ ಕೂಡಬಾರದು. ಮಗಳಿಗೆ "ಮೊದಲು ಹೊರಗ ಬಾ, ಉಳಿದದ್ದು ಆಮೇಲೆ ನೋಡೋಣು" ಎಂದು ಹೇಳಿ. ಸುರಕ್ಷಿತ ಜಾಗಕ್ಕೆ ಬಂದ ಮೇಲೆ, ಏಕೆ ಬಿಡಬೇಕಾಯಿತು ಎಂದು ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳವಾದರೆ 2013ರ ಕಾನೂನಿನ ಪ್ರಕಾರ ಮೂರು ತಿಂಗಳೊಳಗೆ ಅಲ್ಲಿನ ಆಂತರಿಕ ಸಮಿತಿಗೆ ದೂರು ಕೊಡಬಹುದು. ಸಮಿತಿ ಇಲ್ಲದ ಸಣ್ಣ ಜಾಗವಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬಹುದು. ಕೆಲಸ ಬಿಟ್ಟ ಮೇಲೂ ದೂರು ಕೊಡಬಹುದು.

ಇಲ್ಲಿ ತಾಯಂದಿರಿಗೆ ಒಂದು ಮಾತು. "ಪಗಾರ ಬರತದ, ತಡಕೋ" ಎಂದು ನಾವೇ ಎಷ್ಟೋ ಸಲ ಹೇಳಿದ್ದೇವೆ. ಸಂಘದ ಸಾಲದ ಕಂತು ನೆನಪಿಗೆ ಬಂದು ಹಾಗೆ ಹೇಳುತ್ತೇವೆ. ಅಂಥ ಸಮಯದಲ್ಲಿ ಸಂಘ ಆ ತಾಯಿಗೆ ಒಂದೆರಡು ಕಂತು ಮುಂದೆ ಹಾಕಿ ಕೊಟ್ಟರೆ, ಒಬ್ಬ ಮಗಳು ಧೈರ್ಯದಿಂದ ಮನೆಗೆ ಬರುತ್ತಾಳೆ. ಸಂಘ ಇರುವುದು ಅದಕ್ಕೇ ಅಲ್ಲವೇ?

ಅರ್ಜಿಯ ಮಾದರಿ

ದಿನಾಂಕ: ..........

ಇವರಿಂದ: (ಹೆಸರು, ಟೋಕನ್ ಸಂಖ್ಯೆ, ವಿಭಾಗ)
ಇವರಿಗೆ: ವ್ಯವಸ್ಥಾಪಕರು, ..........

ಮಾನ್ಯರೇ,
ವಿಷಯ: ಕೆಲಸಕ್ಕೆ ರಾಜೀನಾಮೆ

ನಾನು ನಿಮ್ಮ ಸಂಸ್ಥೆಯಲ್ಲಿ .......... ದಿನಾಂಕದಿಂದ ಕೆಲಸ ಮಾಡುತ್ತಿದ್ದೇನೆ. ಮನೆಯ ಕಾರಣದಿಂದ ಕೆಲಸ ಮುಂದುವರಿಸಲು ಆಗುತ್ತಿಲ್ಲ. ಈ ಪತ್ರವನ್ನೇ ನೋಟಿಸ್ ಎಂದು ತಿಳಿದು, .......... ದಿನಾಂಕದಂದು ನನ್ನನ್ನು ಕೆಲಸದಿಂದ ಬಿಡುಗಡೆ ಮಾಡಬೇಕು. (ನೋಟಿಸ್ ದಿನ ಪೂರ್ತಿ ಆಗದಿದ್ದರೆ: ಉಳಿದ ...... ದಿನಗಳನ್ನು ದಯವಿಟ್ಟು ಬಿಟ್ಟುಕೊಡಬೇಕು ಅಥವಾ ಉಳಿದ ರಜೆಯಲ್ಲಿ ಹೊಂದಿಸಬೇಕು.) ನನಗೆ ಬರಬೇಕಾದ ಸಂಬಳ, ರಜೆಯ ಹಣ ಮತ್ತು ಅನುಭವ ಪತ್ರವನ್ನು ಕೊಡಬೇಕು, ಪಿಎಫ್ ಲೆಕ್ಕದಲ್ಲಿ ಬಿಟ್ಟ ದಿನಾಂಕ ನಮೂದಿಸಬೇಕು ಎಂದು ಕೋರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
(ಸಹಿ)

ಎರಡು ಪ್ರತಿ ಬರೆಯಬೇಕು. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ "ತಲುಪಿತು" ಎಂದು ಸಹಿ, ಸೀಲು, ದಿನಾಂಕ ಹಾಕಿಸಿಕೊಳ್ಳಬೇಕು. ಸಹಿ ಮಾಡಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಬೇಕು. ಊರಿಗೆ ಬಂದ ಮೇಲೂ ಇದನ್ನು ಮಾಡಬಹುದು, ಆದರೆ ತಡ ಮಾಡಬಾರದು.

ಸಹಾಯ ಎಲ್ಲಿ ಸಿಗುತ್ತದೆ?

- ಸಂಬಳ ಬಾಕಿ ಇದ್ದರೆ ಕೆಲಸದ ಊರಿನ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು. ದಾರಿ ಕೇಳಲು ಕಾರ್ಮಿಕ ಸಹಾಯವಾಣಿ 155214. ಈಗಿನ ಕಾನೂನಿನಲ್ಲಿ ಮೂರು ವರ್ಷದೊಳಗೆ ಕೇಳಬಹುದು.
- ಉಚಿತ ವಕೀಲರ ಸಹಾಯಕ್ಕೆ ತಾಲೂಕು ಕಾನೂನು ಸೇವಾ ಸಮಿತಿ. 1987ರ ಕಾನೂನಿನ ಪ್ರಕಾರ ಎಲ್ಲ ಹೆಣ್ಣುಮಕ್ಕಳಿಗೂ, ಆದಾಯ ಎಷ್ಟೇ ಇರಲಿ, ಇದು ಉಚಿತ. ಫೋನ್ 15100.
- ಹೆಣ್ಣುಮಕ್ಕಳಿಗೆ ತೊಂದರೆ ಆದಾಗ 181, ತುರ್ತು ಸಹಾಯಕ್ಕೆ 112, ಮಕ್ಕಳನ್ನು ದುಡಿಸುವುದು ಕಂಡರೆ 1098.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದ ಮನೆಗಳಿಂದ ಹೊರಗೆ ದುಡಿಯಲು ಹೋದವರು ಎಷ್ಟು ಮಂದಿ? ಅವರಲ್ಲಿ ನೇಮಕಾತಿ ಪತ್ರ ಇದ್ದವರು ಎಷ್ಟು?
2. ಹೇಳದೆ ಬಿಟ್ಟು ಬಂದು ಸಂಬಳ ಕಳೆದುಕೊಂಡವರು ಇದ್ದಾರೆಯೇ? ಈಗ ಕೇಳಲು ಸಮಯ ಉಳಿದಿದೆಯೇ?
3. ನಮ್ಮ ಹೊಲಕ್ಕೆ, ಮನೆಗೆ ನಾವು ಆಳು ಇಟ್ಟುಕೊಂಡಾಗ, ಅವರು ಬಿಡುತ್ತೇನೆಂದರೆ ನಾವು ಹೇಗೆ ನಡೆದುಕೊಳ್ಳುತ್ತೇವೆ? ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಡಬೇಕು ಎಂದು ಧರ್ಮೋಪದೇಶಕಾಂಡ ಹೇಳುತ್ತದೆ. ನಾವು ಕೊಡುತ್ತೇವೆಯೇ?

ಈ ತಿಂಗಳ ಕೆಲಸ

ಪ್ರತಿ ಸದಸ್ಯೆ ತನ್ನ ಮನೆಯಿಂದ ಹೊರಗೆ ದುಡಿಯಲು ಹೋದವರ ಹೆಸರು, ಕೆಲಸದ ಜಾಗದ ವಿಳಾಸ, ಸೇರಿದ ದಿನಾಂಕ, ಯುಎಎನ್ ಸಂಖ್ಯೆ ಮತ್ತು ನೋಟಿಸ್ ಎಷ್ಟು ದಿನ ಎಂಬುದನ್ನು ಒಂದು ವಹಿಯಲ್ಲಿ ಬರೆಸಿಡಲಿ. ಮುಂದಿನ ಸಭೆಗೆ ಬರೆದ ವಹಿ ತರಲಿ. ಗೊತ್ತಿಲ್ಲದಿದ್ದರೆ ಇಂದು ರಾತ್ರಿಯೇ ಮಗಳಿಗೆ ಫೋನ್ ಮಾಡಿ ಕೇಳಲಿ.

ಕೆಲಸಕ್ಕೆ ಹೋಗುವ ಮಗಳಿಗೆ ಬುತ್ತಿ ಕಟ್ಟಿಕೊಡುತ್ತೇವೆ. ಇನ್ನು ಮೇಲೆ ಬುತ್ತಿಯ ಜೊತೆಗೆ ಒಂದು ಮಾತನ್ನೂ ಕಟ್ಟಿಕೊಡೋಣ: "ಯವ್ವಾ, ಅಲ್ಲಿ ಇರೋತನಕ ನಿಷ್ಠೆಯಿಂದ ದುಡಿ. ಬಿಡೋದು ಬಂದರೆ ಹೇಳಿ ಬಿಡು, ಬರೆದು ಬಿಡು. ನಿನ್ನ ಪಗಾರ ಒಂದು ರೂಪಾಯಿನೂ ಬಿಟ್ಟು ಬರಬ್ಯಾಡ. ಆದರೆ ನಿನ್ನ ಮಾನಕ್ಕೆ, ಜೀವಕ್ಕೆ ಧಕ್ಕೆ ಬಂದರೆ ಪಗಾರ ನೋಡಬ್ಯಾಡ, ಮನೀಗೆ ಬಾ."